ಹೊಲದ ದಾರಿ ಮುಚ್ಚಿದ್ದಾರಾ? ಜಗಳಕ್ಕೆ ಮೊದಲು ನಕ್ಷೆ ತೆಗೆಯಿರಿ

ಮಂಡ್ಯ ಕಡೆ ದಾರಿ ಜಗಳಕ್ಕೂ ಒಂದು ಸೀಸನ್ ಇದೆ. ಕಬ್ಬಿಗೆ ಕಟಿಂಗ್ ಆರ್ಡರ್ ಬಂದಾಗ, ಭತ್ತ ಕೊಯ್ಯುವ ಮಿಷನ್ ಊರಿಗೆ ಇಳಿದಾಗ ಅದು ಶುರುವಾಗುತ್ತದೆ. ಅಲ್ಲಿಯವರೆಗೆ ತೆವರಿ (ಬದು) ಮೇಲೆ ನಡೆದು ಹೋಗುವವರ ಬಗ್ಗೆ ಯಾರದೂ ತಕರಾರಿಲ್ಲ. ಟ್ರ್ಯಾಕ್ಟರ್ ಬಂತು ಅಂದ ತಕ್ಷಣ ಮುಂದಿನ ಜಮೀನಿನವರು ಕಲ್ಲು ನೆಡುತ್ತಾರೆ, ತಂತಿ ಎಳೆಯುತ್ತಾರೆ. ಮಾತಿಗೆ ಮಾತು ಬೆಳೆದು ಸ್ಟೇಷನ್‌ಗೆ ಹೋದರೆ ಅಲ್ಲಿ ಸಿಗುವ ಉತ್ತರ ಒಂದೇ: ‘ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ.’ ಕೋರ್ಟಿಗೆ ಹೋದರೆ ವಕೀಲರು ಮೊದಲು ಕೇಳುವುದು ನಕ್ಷೆ. ಅದು ಮನೆಯಲ್ಲಿ ಇರುವುದೇ ಇಲ್ಲ.

ಇಲ್ಲಿ ಬಹಳ ಜನ ಎಡವುವುದು ಒಂದೇ ಕಡೆ. ದಾರಿ ಅಂದರೆ ಎಲ್ಲಾ ಒಂದೇ ಅಂದುಕೊಳ್ಳುತ್ತಾರೆ. ಸರ್ಕಾರದ ದಾರಿಗೆ ಒಂದು ಕಾನೂನು, ಅಣ್ಣತಮ್ಮಂದಿರ ಭಾಗದಲ್ಲಿ ಹುಟ್ಟಿದ ದಾರಿಗೆ ಇನ್ನೊಂದು, ಯಾರೋ ಪಾಪ ಅಂತ ಬಿಟ್ಟ ದಾರಿಗೆ ಮತ್ತೊಂದು. ಹೋಗಬೇಕಾದ ಕಚೇರಿಯೂ ಬೇರೆ ಬೇರೆ. ನಿಮ್ಮದು ಯಾವ ಥರದ ದಾರಿ ಅಂತ ಮೊದಲು ಗೊತ್ತಾಗಲಿ. ಬೇರೆ ಎಲ್ಲಾ ಆಮೇಲೆ.

ಮೊದಲ ಕೆಲಸ: ಕಾಗದ ಜೋಡಿಸುವುದು

ಶುರು ಮಾಡಬೇಕಾದ್ದು ಗ್ರಾಮ ನಕ್ಷೆಯಿಂದ. ಕಂದಾಯ ಇಲಾಖೆಯ ಭೂದಾಖಲೆಗಳ ವೆಬ್‌ಸೈಟ್‌ನಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ ಆರಿಸಿಕೊಂಡರೆ ಊರಿನ ನಕ್ಷೆ ಪಿಡಿಎಫ್‌ನಲ್ಲಿ ಸಿಗುತ್ತದೆ. ಅದನ್ನು ಮೊಬೈಲ್‌ನಲ್ಲಿ ನೋಡಿ ಸುಮ್ಮನಾಗಬೇಡಿ. ದೊಡ್ಡ ಹಾಳೆಯಲ್ಲಿ ಪ್ರಿಂಟ್ ಹಾಕಿಸಿ, ನಿಮ್ಮ ಸರ್ವೆ ನಂಬರಿನ ಸುತ್ತ ಬಣ್ಣ ಹಚ್ಚಿ. ಸಾಮಾನ್ಯವಾಗಿ ಬಂಡಿದಾರಿಯನ್ನು ಜೋಡಿ ಚುಕ್ಕೆಗೆರೆಯಲ್ಲೂ, ಕಾಲುದಾರಿಯನ್ನು ಒಂಟಿ ಚುಕ್ಕೆಗೆರೆಯಲ್ಲೂ ತೋರಿಸಿರುತ್ತಾರೆ. ನಕ್ಷೆಯ ಸೂಚಿ ನೋಡಿ ಖಾತ್ರಿ ಮಾಡಿಕೊಳ್ಳಿ. ಹಳ್ಳದ ಗೆರೆಯನ್ನೇ ದಾರಿ ಅಂತ ಓದಿ ಅರ್ಜಿ ಹಾಕಿದವರೂ ಇದ್ದಾರೆ.

ಎರಡನೆಯದು ಪಹಣಿ. ನಿಮ್ಮದು ಮಾತ್ರ ಅಲ್ಲ, ದಾರಿ ಹಾದುಹೋಗುವ ಪ್ರತಿ ಜಮೀನಿನದೂ ಬೇಕು. ಪಹಣಿ ಯಾರದನ್ನು ಬೇಕಾದರೂ ಯಾರು ಬೇಕಾದರೂ ನೋಡಬಹುದು, ಅದರಲ್ಲಿ ಸಂಕೋಚ ಬೇಡ. ಕಾಲಂ 3ರಲ್ಲಿ ವಿಸ್ತೀರ್ಣದ ಕೆಳಗೆ ಎ ಖರಾಬು, ಬಿ ಖರಾಬು ಅಂತ ಇರುತ್ತದೆ. ಎ ಖರಾಬು ಅಂದರೆ ಬಂಡೆ, ಕಲ್ಲುಗುಡ್ಡೆಯಂಥ ಉಳುಮೆಗೆ ಬಾರದ ಜಾಗ. ಬಿ ಖರಾಬು ಅಂದರೆ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಬಳಕೆಗೆ ಬಿಟ್ಟದ್ದು. ಪಕ್ಕದವರ ಪಹಣಿಯಲ್ಲಿ ನಾಲ್ಕು ಗುಂಟೆ ಬಿ ಖರಾಬು ಕಂಡರೆ ನಿಮ್ಮ ಕೇಸು ಅರ್ಧ ಗೆದ್ದ ಹಾಗೆ. ಕಾಲಂ 11ನ್ನೂ ಬಿಡಬೇಡಿ. ಇತರೆ ಹಕ್ಕು, ಋಣಗಳನ್ನು ಅಲ್ಲಿ ಬರೆದಿರುತ್ತಾರೆ. ದಾರಿ ಹಕ್ಕು ಹಿಂದೆ ಯಾವಾಗಲಾದರೂ ದಾಖಲಾಗಿದ್ದರೆ ಅಲ್ಲೇ ಇರುತ್ತದೆ.

ಮೂರನೆಯದಕ್ಕೆ ತಾಲ್ಲೂಕು ಸರ್ವೆ ಕಚೇರಿಗೆ ಹೋಗಲೇಬೇಕು. ಮೂಲ ಟಿಪ್ಪಣಿ, ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ದಾಖಲೆ), ಹಿಸ್ಸಾ ನಕ್ಷೆ (ಸರ್ವೆ ನಂಬರು ಭಾಗವಾದ ತುಂಡುಗಳ ನಕ್ಷೆ), ಇವುಗಳ ದೃಢೀಕೃತ ನಕಲಿಗೆ ಅರ್ಜಿ ಕೊಡಿ. ಗ್ರಾಮ ನಕ್ಷೆಯಲ್ಲಿ ಬರೀ ಗೆರೆ ಕಾಣುತ್ತದೆ. ಆ ಗೆರೆ ಯಾವ ಕಲ್ಲಿನಿಂದ ಎಷ್ಟು ದೂರದಲ್ಲಿದೆ ಅನ್ನುವ ಅಳತೆ ಟಿಪ್ಪಣಿಯಲ್ಲಿರುತ್ತದೆ. ಇಷ್ಟರ ಜೊತೆ ಮನೆಯ ಟ್ರಂಕಿನಲ್ಲಿರುವ ಕ್ರಯಪತ್ರ, ವಿಭಾಗ ಪತ್ರಗಳ ಚೆಕ್ಕುಬಂದಿ, ಅಂದರೆ ನಾಲ್ಕೂ ದಿಕ್ಕಿನ ಗಡಿ ವಿವರ ಓದಿ. ‘ಉತ್ತರಕ್ಕೆ ಓಣಿ’, ‘ಪೂರ್ವಕ್ಕೆ ಗಾಡಿಜಾಡು’ ಅಂತ ನಲವತ್ತು ವರ್ಷದ ಹಿಂದೆ ಬರಹಗಾರ ಸುಮ್ನೆ ಬರೆದ ಒಂದು ಸಾಲು ಇವತ್ತು ದೊಡ್ಡ ಸಾಕ್ಷಿ.

ದಿಶಾಂಕ್ ಆ್ಯಪ್ ಹಿಡಿದು ದಾರಿಯಲ್ಲಿ ನಡೆದರೆ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಅಂತ ತೋರಿಸುತ್ತದೆ. ಅಂದಾಜಿಗೆ ಒಳ್ಳೆಯದು. ಆದರೆ ಅದರ ಸ್ಕ್ರೀನ್‌ಶಾಟ್ ಹಿಡಿದು ಅಳತೆ ವಾದ ಮಾಡಬೇಡಿ. ಬದು ಆ ಕಡೆಯೋ ಈ ಕಡೆಯೋ ಅನ್ನುವುದನ್ನು ಹೇಳಬೇಕಾದವರು ಸರ್ವೇಯರ್.

ನಿಮ್ಮದು ಯಾವ ಥರದ ದಾರಿ?

ಸುಲಭದ್ದು ನಕ್ಷೆ ದಾರಿ. ಗ್ರಾಮ ನಕ್ಷೆಯಲ್ಲಿದ್ದರೆ ಅಥವಾ ಬಿ ಖರಾಬಿನಲ್ಲಿದ್ದರೆ ಅದು ಯಾರ ಸ್ವಂತದ್ದೂ ಅಲ್ಲ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 67ನೇ ಕಲಂ ಪ್ರಕಾರ ಸಾರ್ವಜನಿಕ ರಸ್ತೆ, ಓಣಿ, ಕಾಲುದಾರಿಗಳು ಸರ್ಕಾರದ ಆಸ್ತಿ. ಪಕ್ಕದವರು ಅದನ್ನು ಉತ್ತು, ಬದು ಒಡೆದು ತಮ್ಮ ಗದ್ದೆಗೆ ಸೇರಿಸಿಕೊಂಡರು ಅಂದ ಮಾತ್ರಕ್ಕೆ ಅವರದಾಗುವುದಿಲ್ಲ. ನೀವು ಇಷ್ಟು ವರ್ಷ ಓಡಾಡಿದ್ದೀರಿ ಅಂತ ಸಾಬೀತು ಮಾಡುವ ತಾಪತ್ರಯವೂ ಇಲ್ಲ.

ನಮ್ಮ ಕಡೆ ಜಾಸ್ತಿ ಜಗಳ ಇರುವುದು ಅನಿವಾರ್ಯದ ದಾರಿಯಲ್ಲಿ. ಕೆ.ಆರ್. ಪೇಟೆ ಕಡೆಯ ಒಂದು ಊರು ಅಂದುಕೊಳ್ಳಿ. ಸರ್ವೆ ನಂಬರ್ 42ರಲ್ಲಿ ತಾತನಿಗೆ ಮೂರು ಎಕರೆ. ಮಕ್ಕಳು ಮೂವರು. ರಸ್ತೆ ಪಕ್ಕದ ಎಕರೆ ದೊಡ್ಡವರಿಗೆ, ನಡುವಿನದು ಎರಡನೆಯವರಿಗೆ, ಹಿಂದಿನದು ಕಿರಿಯರಿಗೆ ಅಂತ ಭಾಗವಾಯಿತು. ವಿಭಾಗ ಪತ್ರದಲ್ಲಿ ದಾರಿಯ ಮಾತೇ ಇಲ್ಲ, ಯಾಕೆಂದರೆ ಆಗ ಎಲ್ಲರೂ ಒಂದೇ ಎತ್ತಿನಗಾಡಿಯಲ್ಲಿ ಹೋಗುತ್ತಿದ್ದರು. ಮುಂದೆ ದೊಡ್ಡವರ ಮಗ ತನ್ನ ಎಕರೆಯನ್ನು ಬೆಂಗಳೂರಿನವರಿಗೆ ಮಾರಿದ. ಅವರು ಬಂದು ಸುತ್ತಲೂ ಕಾಂಪೌಂಡ್ ಹಾಕಿದರು. ಕಿರಿಯರ ಮಕ್ಕಳಿಗೆ ಈಗ ಹೊಲವಿದೆ, ಹೋಗುವುದಕ್ಕೆ ದಾರಿ ಇಲ್ಲ.

ಇಂಥದ್ದಕ್ಕೇ 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆಯಲ್ಲಿ 13ನೇ ಕಲಂ ಇದೆ. ಈಸ್‌ಮೆಂಟ್ ಅಂದರೆ ಇನ್ನೊಬ್ಬರ ಜಮೀನಿನ ಮೇಲೆ ನಮಗಿರುವ ಬಳಕೆಯ ಹಕ್ಕು. ಒಂದೇ ಒಡೆತನದ ಜಮೀನು ಮಾರಾಟದಿಂದಲೋ ಭಾಗದಿಂದಲೋ ತುಂಡಾಗಿ, ಒಂದು ತುಂಡಿಗೆ ಇನ್ನೊಂದರ ಮೂಲಕವೇ ಹೋಗಬೇಕಾದರೆ ದಾರಿ ಹಕ್ಕು ತಾನಾಗೇ ಹುಟ್ಟುತ್ತದೆ. ಪತ್ರದಲ್ಲಿ ಬರೆಯದಿದ್ದರೂ ಸರಿ, ಮುಂದಿನ ತುಂಡು ಬೇರೆಯವರ ಕೈಗೆ ಹೋಗಿದ್ದರೂ ಸರಿ. ಆದರೆ ಮೂರು ವಿಷಯ ನೆನಪಿರಲಿ. ಎರಡೂ ಜಮೀನು ಒಂದು ಕಾಲದಲ್ಲಿ ಒಬ್ಬರದೇ ಅಥವಾ ಒಂದೇ ಮನೆಯವರದೇ ಆಗಿರಬೇಕು. ಮೊದಲಿಂದ ಬೇರೆಬೇರೆಯವರದಾದರೆ ಈ ಕಲಂ ಉಪಯೋಗಕ್ಕೆ ಬರುವುದಿಲ್ಲ. ಬೇರೆ ದಾರಿ ಇರಲೇಬಾರದು. ‘ಆ ಕಡೆಯಿಂದ ಅರ್ಧ ಕಿಲೋಮೀಟರ್ ಸುತ್ತು’ ಅನ್ನುವುದು ಕಷ್ಟವೇ ಹೊರತು ಅನಿವಾರ್ಯ ಅಲ್ಲ. ದಾರಿ ಎಲ್ಲಿ ಬಿಡಬೇಕು ಅಂತ ಗುರುತು ಹಾಕುವ ಹಕ್ಕು ಜಮೀನಿನ ಮಾಲೀಕರದು. ಅದು ನಿಮಗೆ ತಕ್ಕಮಟ್ಟಿಗೆ ಅನುಕೂಲವಾಗಿದ್ದರೆ ಸಾಕು, ‘ನನಗೆ ನಡುವಿನಿಂದಲೇ ಬೇಕು’ ಅಂತ ಹಟ ಹಿಡಿಯುವ ಹಾಗಿಲ್ಲ. ನಾಳೆ ನಿಮ್ಮ ಹೊಲದ ಹಿಂಭಾಗಕ್ಕೇ ಹೊಸ ರಸ್ತೆ ಬಂದರೆ ಈ ಹಕ್ಕು ಅಲ್ಲಿಗೆ ಮುಗಿಯಿತು.

ಇನ್ನೊಂದು ಇಪ್ಪತ್ತು ವರ್ಷದ ರೂಢಿ. ಅದೇ ಕಾಯ್ದೆಯ 15ನೇ ಕಲಂ. ಪಕ್ಕದವರ ಜಮೀನಿನಲ್ಲಿ 20 ವರ್ಷ ಎಲ್ಲರ ಕಣ್ಣೆದುರೇ, ತಡೆಯಿಲ್ಲದೆ, ಹಕ್ಕು ಅಂತಲೇ ಓಡಾಡಿದ್ದರೆ ಅದು ಹಕ್ಕಾಗುತ್ತದೆ. ಜಾಗ ಸರ್ಕಾರದ್ದಾದರೆ 30 ವರ್ಷ ಬೇಕು. ಇಲ್ಲಿ ಗಮನಿಸಬೇಕಾದ್ದು ‘ಹಕ್ಕು ಅಂತ’ ಅನ್ನುವುದು. ಪ್ರತಿ ಸುಗ್ಗಿಗೂ ‘ಅಣ್ಣಾ, ಗಾಡಿ ಬಿಡ್ಲಾ?’ ಅಂತ ಕೇಳಿಕೊಂಡು ಹೋಗಿದ್ದರೆ ಅದು ಒಪ್ಪಿಗೆಯ ದಾರಿ. ಐವತ್ತು ವರ್ಷ ಕೇಳಿಕೊಂಡು ಹೋದರೂ ಹಕ್ಕಾಗುವುದಿಲ್ಲ, ಮಾಲೀಕರು ಬೇಡ ಅಂದ ದಿನ ಸಾಮಾನ್ಯವಾಗಿ ನಿಲ್ಲಿಸಬೇಕಾಗುತ್ತದೆ. ಮರ್ಯಾದಸ್ಥರಿಗೆ ಕಾನೂನಿನಲ್ಲಿ ನಷ್ಟ ಅಂತ ಅನಿಸಬಹುದು. ನನಗೂ ಹಾಗೇ ಅನಿಸುತ್ತದೆ.

ನಾಲೆ ಏರಿಯ ವಿಷಯ ಬೇರೆ. ವಿಶ್ವೇಶ್ವರಯ್ಯ ನಾಲೆಯ ಏರಿ ಮೇಲೆ ನಾವೆಲ್ಲಾ ಓಡಾಡುತ್ತೇವೆ. ಆದರೆ ಅದು ನೀರಾವರಿಯವರ ಜಾಗ, ನಾಲೆ ನೋಡಿಕೊಳ್ಳುವುದಕ್ಕೆ ಮಾಡಿದ್ದು. ‘ನಾಲೆ ಏರಿ ಇದೆಯಲ್ಲಾ, ಅದೇ ನಿಮ್ಮ ದಾರಿ’ ಅಂತ ಎದುರಿನವರು ವಾದ ಮಾಡಿದರೆ ಅಲ್ಲಿ ಲೋಡ್ ಲಾರಿ ಬಿಡುವುದಕ್ಕೆ ಅನುಮತಿ ಇದೆಯಾ ಅಂತ ಕೇಳಿ.

ಜಾತ್ರೆಗೆ ದೇವರು ಹೋಗುವ ದಾರಿ, ಸ್ಮಶಾನದ ದಾರಿ, ಕೆರೆಗೆ ದನ ಹೊಡೆಯುವ ದಾರಿ ಇವೆಲ್ಲ ಇಡೀ ಊರಿನ ರೂಢಿ. ಈಸ್‌ಮೆಂಟ್ ಕಾಯ್ದೆಯ 18ನೇ ಕಲಂ ಊರಿನ ರೂಢಿಯಿಂದ ಬಂದ ಹಕ್ಕನ್ನೂ ಮಾನ್ಯ ಮಾಡುತ್ತದೆ. ಒಂದು ಮಾತು ನೇರವಾಗಿ ಹೇಳಬೇಕು. ದಲಿತರ ಸ್ಮಶಾನಕ್ಕೋ ಕೇರಿಗೋ ಹೋಗುವ ದಾರಿಯನ್ನು ಬೇಕೆಂದೇ ತಡೆದರೆ ಅದು ಬರೀ ದಾರಿ ತಕರಾರಲ್ಲ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಯಡಿ ಅಪರಾಧ. ಅಲ್ಲಿ ‘ಸಿವಿಲ್ ಮ್ಯಾಟರ್’ ಅಂತ ಹೇಳಿ ಪೊಲೀಸರು ಕೈತೊಳೆದುಕೊಳ್ಳುವ ಹಾಗಿಲ್ಲ.

ಬೇಲಿ ಬಿದ್ದ ದಿನ

ಬೇಲಿ ಕೀಳಬೇಡಿ. ಜೆಸಿಬಿ ಕರೆಸಬೇಡಿ. ಹಕ್ಕು ನಿಮ್ಮದೇ ಆಗಿದ್ದರೂ ಅಡ್ಡಿಯನ್ನು ನೀವೇ ತೆಗೆಯುವಂತಿಲ್ಲ ಅಂತ ಈಸ್‌ಮೆಂಟ್ ಕಾಯ್ದೆಯ 36ನೇ ಕಲಂ ಖಡಾಖಂಡಿತ ಹೇಳುತ್ತದೆ. ಕಿತ್ತರೆ ಆಸ್ತಿ ಹಾನಿ ಅಂತ ನಿಮ್ಮ ಮೇಲೇ ಕೇಸು ಬೀಳುತ್ತದೆ. ಅಲ್ಲಿಯವರೆಗೆ ನೊಂದವರಾಗಿದ್ದ ನೀವು ಆರೋಪಿ ಆಗುತ್ತೀರಿ.

ಅದರ ಬದಲು ಫೋಟೋ, ವೀಡಿಯೋ ತೆಗೆಯಿರಿ. ಹೊಸ ಕಲ್ಲುಕಂಬ, ಅಗೆದ ಹಸಿ ಮಣ್ಣು, ಅದರ ಕೆಳಗೆ ಇನ್ನೂ ಕಾಣುವ ಗಾಡಿಚಕ್ರದ ಗುರುತು, ದಾರಿ ಅಂಚಿನ ಹಳೇ ಹೊಂಗೆ ಮರ, ಎಲ್ಲಾ ಬರಲಿ. ಒಂದು ಮಳೆ ಬಿದ್ದು ಉಳುಮೆ ಆಯಿತು ಅಂದರೆ ಚಕ್ರದ ಗುರುತು ಮತ್ತೆ ಸಿಗುವುದಿಲ್ಲ. ಕಬ್ಬು ಸಾಗಿಸಿದ ರಸೀದಿ, ಆ ದಾರಿಯಲ್ಲಿ ಗಾಡಿ ಹೊಡೆದ ವಯಸ್ಸಾದವರ ಹೆಸರು ಬರೆದಿಟ್ಟುಕೊಳ್ಳಿ.

ಆಮೇಲೆ ಬರವಣಿಗೆಯಲ್ಲಿ ಆಕ್ಷೇಪಣೆ ಕಳಿಸಿ. ಸ್ಪೀಡ್ ಪೋಸ್ಟ್ ಆದರೆ ರಸೀದಿ ಉಳಿಯುತ್ತದೆ. ‘ಇಂಥ ತಾರೀಕು ಇಂಥ ದಾರಿ ಮುಚ್ಚಿದ್ದೀರಿ, ನಾನು ಒಪ್ಪಿಲ್ಲ’ ಅಂದರೆ ಸಾಕು, ಬೈಗುಳ ಬೇಡ. ಇದು ಯಾಕೆ ಅಷ್ಟು ಮುಖ್ಯ ಅಂದರೆ ಇಲ್ಲಿ ಮೂರು ಗಡುವು ಒಟ್ಟೊಟ್ಟಿಗೆ ಓಡುತ್ತಿರುತ್ತವೆ. ಮೊದಲನೆಯದು ಮೂರು ತಿಂಗಳು. ಕಾರ್ಯನಿರ್ವಾಹಕ ದಂಡಾಧಿಕಾರಿಯಾಗಿ ತಹಶೀಲ್ದಾರ್ ತುರ್ತಾಗಿ ದಾರಿ ಬಿಡಿಸಬೇಕಾದರೆ ದೂರು ಮುಟ್ಟುವ ಹಿಂದಿನ ಮೂರು ತಿಂಗಳೊಳಗೆ ನೀವು ಆ ದಾರಿ ಬಳಸಿರಬೇಕು. ಸುಗ್ಗಿಗೆ ಮಾತ್ರ ಬಳಸುವ ದಾರಿಯಾದರೆ ಹಿಂದಿನ ಸುಗ್ಗಿಯಲ್ಲಿ ಬಳಸಿರಬೇಕು. ಎರಡನೆಯದು ಒಂದು ವರ್ಷ. ಅಡ್ಡಿ ಗೊತ್ತಿದ್ದೂ ವರ್ಷ ಪೂರ್ತಿ ಸುಮ್ಮನಿದ್ದರೆ ಇಪ್ಪತ್ತು ವರ್ಷದ ರೂಢಿ ಮುರಿದ ಹಾಗೆ. ಮೂರನೆಯದು ಎರಡು ವರ್ಷ. ಆ ಇಪ್ಪತ್ತು ವರ್ಷದ ಬಳಕೆ ದಾವೆ ಹಾಕುವ ಹಿಂದಿನ ಎರಡು ವರ್ಷದೊಳಗೆ ಮುಗಿದಿರಬೇಕು. ‘ಹಬ್ಬ ಮುಗೀಲಿ, ಮದುವೆ ಮುಗೀಲಿ’ ಅಂತ ತಳ್ಳಿದವರ ಹಕ್ಕು ಹೋಗುವುದು ಹೀಗೇ.

ತಹಶೀಲ್ದಾರ್ ಏನು ಮಾಡಬಹುದು, ಏನು ಮಾಡಲಾಗದು

ನಕ್ಷೆ ದಾರಿಯಾದರೆ ತಾಲ್ಲೂಕು ಕಚೇರಿಯೇ ಸರಿಯಾದ ಜಾಗ. ಬಿಳಿ ಹಾಳೆಯಲ್ಲಿ ಅರ್ಜಿ, ಜೊತೆಗೆ ಬಣ್ಣ ಹಚ್ಚಿದ ಗ್ರಾಮ ನಕ್ಷೆ, ಪಹಣಿಗಳು, ಫೋಟೋ. ಕೋರಿಕೆ ಚಿಕ್ಕದಾಗಿರಲಿ: ‘ನಕ್ಷೆಯಲ್ಲಿರುವ ಬಂಡಿದಾರಿಯನ್ನು ಅಳತೆ ಮಾಡಿಸಿ, ಒತ್ತುವರಿ ತೆರವು ಮಾಡಿಸಿ.’ ತಪಾಲಿನಲ್ಲಿ ಸೀಲು, ನಂಬರು ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಅರ್ಜಿ ರೆವಿನ್ಯೂ ಇನ್‌ಸ್ಪೆಕ್ಟರ್, ಗ್ರಾಮ ಆಡಳಿತ ಅಧಿಕಾರಿಗಳಿಗೆ ಬರುತ್ತದೆ, ಸರ್ವೇಯರ್ ಅಳೆಯುತ್ತಾರೆ, ಮಹಜರು (ಸ್ಥಳದಲ್ಲಿ ಕಂಡದ್ದನ್ನು ಬರೆದುಕೊಳ್ಳುವುದು) ಆಗುತ್ತದೆ. ಮಹಜರಿನ ದಿನ ನೀವಿರಬೇಕು. ಓದಿ ನೋಡಿ ಸಹಿ ಹಾಕಿ. ‘ಸ್ಥಳದಲ್ಲಿ ದಾರಿ ಕಂಡುಬರುವುದಿಲ್ಲ’ ಅಂತ ಬರೆದಿದ್ದರೆ, ಉತ್ತಿರುವುದರಿಂದ ಕಾಣುತ್ತಿಲ್ಲ ಅಂತ ಸೇರಿಸಲು ಹೇಳಿ. ಸಾರ್ವಜನಿಕ ದಾರಿಯ ಅಡ್ಡಿ ತೆಗೆಸಲು ಬಿಎನ್‌ಎಸ್‌ಎಸ್‌ನ (ಸಿಆರ್‌ಪಿಸಿ ಬದಲು ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 152ನೇ ಕಲಂ ಕೂಡ ಇದೆ. ಹಳೇ ಸಿಆರ್‌ಪಿಸಿ 133 ಅಂದರೆ ವಕೀಲರಿಗೆ ಬೇಗ ಗೊತ್ತಾಗುತ್ತದೆ. ದಾರಿ ಊರೊಳಗೆ, ಗ್ರಾಮಠಾಣದಲ್ಲಿದ್ದರೆ ಮೊದಲು ಗ್ರಾಮ ಪಂಚಾಯ್ತಿ ಪಿಡಿಒಗೆ ಕೊಡಿ.

ನಕ್ಷೆಯಲ್ಲಿ ಇಲ್ಲದ ದಾರಿಗೆ ತಹಶೀಲ್ದಾರ್ ಕೈ ಕಟ್ಟಿದೆ. ಒಬ್ಬರ ಹಿಡುವಳಿಯಲ್ಲಿ ಇನ್ನೊಬ್ಬರಿಗೆ ಹೊಸದಾಗಿ ದಾರಿ ಹಕ್ಕು ಹುಟ್ಟಿಸುವ ಅಧಿಕಾರ ಅವರಿಗಿಲ್ಲ. ಜಗಳ ಹೊಡೆದಾಟಕ್ಕೆ ಹೋಗುವ ಹಾಗಿದ್ದರೆ ಬಿಎನ್‌ಎಸ್‌ಎಸ್ 166ನೇ ಕಲಂ ಅಡಿ, ಬಳಕೆಯಲ್ಲಿದ್ದ ದಾರಿಗೆ ಅಡ್ಡಿ ಮಾಡಬೇಡಿ ಅಂತ ಆದೇಶ ಮಾಡಬಹುದು. ಮೇಲೆ ಹೇಳಿದ ಮೂರು ತಿಂಗಳ ಗಡುವು ಇದರದ್ದೇ. ಇದು ಶಾಂತಿ ಕಾಪಾಡುವ ಆದೇಶ. ಹಕ್ಕು ಯಾರದು ಅಂತ ಕೊನೆಗೆ ತೀರ್ಮಾನ ಮಾಡುವುದು ಸಿವಿಲ್ ಕೋರ್ಟು.

ಕೋರ್ಟಿಗೆ ಹೋಗಬೇಕಾದರೆ

ದಾರಿ ಹಕ್ಕು ಇದೆ ಅಂತ ಘೋಷಣೆ, ಅಡ್ಡಿ ತೆಗೆಸುವ ಆಜ್ಞೆ, ಮುಂದೆ ತಡೆಯದಂತೆ ಶಾಶ್ವತ ಪ್ರತಿಬಂಧಕಾಜ್ಞೆ, ಮೂರನ್ನೂ ಒಂದೇ ದಾವೆಯಲ್ಲಿ ಕೇಳಿ. ದಾವೆಯ ಜೊತೆಗೇ ತಾತ್ಕಾಲಿಕ ತಡೆಯಾಜ್ಞೆಗೂ, ಸ್ಥಳ ನೋಡಿ ವರದಿ ಕೊಡುವ ಕೋರ್ಟ್ ಕಮಿಷನರ್ ನೇಮಕಕ್ಕೂ ಅರ್ಜಿ ಹಾಕಬಹುದು. ವಾದಪತ್ರದಲ್ಲಿ ‘ಅನಾದಿ ಕಾಲದಿಂದ’ ಅಂತ ಬರೆಸುವ ಚಟ ಬಿಡಿ. ಯಾವ ಸರ್ವೆ ನಂಬರಿನ ಯಾವ ಬದುವಿನಲ್ಲಿ, ಎಷ್ಟು ಅಡಿ ಅಗಲ, ಎಲ್ಲಿಂದ ಎಲ್ಲಿಗೆ, ಯಾವ ವರ್ಷದಿಂದ, ಗಾಡಿಗೋ ನಡೆದು ಹೋಗುವುದಕ್ಕೋ, ಎಲ್ಲಾ ಬೇಕು. ಜೊತೆಗೊಂದು ಕೈನಕ್ಷೆ ಇರಲಿ. ಅನಿವಾರ್ಯದ ದಾರಿಯಾ, ಇಪ್ಪತ್ತು ವರ್ಷದ ರೂಢಿಯಾ ಅಂತ ವಕೀಲರ ಜೊತೆ ಮೊದಲೇ ಸ್ಪಷ್ಟ ಮಾಡಿಕೊಳ್ಳಿ. ಎರಡಕ್ಕೂ ಬೇಕಾದ ಸಾಕ್ಷಿ ಬೇರೆ.

ಫೀಸಿನ ಚಿಂತೆ ಇದ್ದರೆ ತಾಲ್ಲೂಕು ಕೋರ್ಟ್ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದಕ್ಕೆ ಡಿಕ್ರಿಯಷ್ಟೇ ಬೆಲೆ, ಮೇಲ್ಮನವಿ ಇಲ್ಲ, ಕಟ್ಟಿದ ಕೋರ್ಟ್ ಶುಲ್ಕವೂ ವಾಪಸ್.

ಪೊಲೀಸರು ಮತ್ತು ಅತಿಕ್ರಮ ಪ್ರವೇಶ

‘ನನ್ನ ಜಮೀನಿಗೆ ಕಾಲಿಟ್ಟರೆ ಒಳಗೆ ಹಾಕಿಸ್ತೀನಿ’ ಅನ್ನುವ ಬೆದರಿಕೆ ಎಲ್ಲಾ ಊರಲ್ಲೂ ಕೇಳುತ್ತದೆ. ಬರೀ ಕಾಲಿಡುವುದು ಅಪರಾಧವಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಂ ಪ್ರಕಾರ ಅಪರಾಧ ಮಾಡುವ, ಹೆದರಿಸುವ, ಅವಮಾನ ಮಾಡುವ ಅಥವಾ ಕಿರುಕುಳ ಕೊಡುವ ಉದ್ದೇಶ ಇರಬೇಕು. ಇದ್ದರೆ ಮೂರು ತಿಂಗಳವರೆಗೆ ಜೈಲು, 5000 ರೂಪಾಯಿವರೆಗೆ ದಂಡ ಅಥವಾ ಎರಡೂ. ಉದ್ದೇಶ ಇಲ್ಲದೆ ಹೋದವರ ಮೇಲೆ ಸಿವಿಲ್ ದಾವೆ ಹಾಕಬಹುದು, ಅಷ್ಟೇ.

ಇತ್ತ ದಾರಿ ತಡೆದವರ ಮೇಲೆ ಅಕ್ರಮ ತಡೆ ಅಂತ ಅದೇ ಸಂಹಿತೆಯ 126ನೇ ಕಲಂ ಅಡಿ ದೂರು ಕೊಡಬಹುದು ನಿಜ. ಆದರೆ ಅದರಲ್ಲೇ ಒಂದು ವಿನಾಯಿತಿ ಇದೆ. ಖಾಸಗಿ ದಾರಿಯನ್ನು ತಡೆಯುವ ಹಕ್ಕು ತನಗಿದೆ ಅಂತ ಪ್ರಾಮಾಣಿಕವಾಗಿ ನಂಬಿ ತಡೆದರೆ ಅಪರಾಧವಾಗುವುದಿಲ್ಲ. ಪೊಲೀಸರು ಕೋರ್ಟಿಗೆ ಕಳಿಸುವುದಕ್ಕೆ ಇದೂ ಒಂದು ಕಾರಣ. ಬೇಲಿಗೆ ನೇರ ಕರೆಂಟ್ ಕೊಟ್ಟಿದ್ದರೆ ಮಾತ್ರ ಒಂದು ನಿಮಿಷವೂ ಕಾಯಬೇಡಿ, ಸ್ಟೇಷನ್‌ಗೂ ವಿದ್ಯುತ್ ಕಚೇರಿಗೂ ಆಗಲೇ ತಿಳಿಸಿ.

ನೀವೇ ಜಮೀನಿನ ಮಾಲೀಕರಾದರೆ? ಪಕ್ಕದವರಿಗೆ ಉಪಕಾರ ಮಾಡುವುದನ್ನು ಬಿಡಬೇಡಿ, ಆದರೆ ಒಂದು ಕಾಗದ ಮಾಡಿಕೊಳ್ಳಿ. ‘ಈ ಸುಗ್ಗಿಗೆ ಗಾಡಿ ಬಿಡಲು ಅನುಮತಿ ಕೊಟ್ಟಿದ್ದೇನೆ, ಇದು ಹಕ್ಕಲ್ಲ’ ಅಂತ ಬರೆದು ಅವರ ಸಹಿ ಹಾಕಿಸಿದರೆ ಇಪ್ಪತ್ತು ವರ್ಷದ ಲೆಕ್ಕ ನಿಮ್ಮ ಮೇಲೆ ತಿರುಗುವುದಿಲ್ಲ. ಮೈಸೂರಿನ ರಿಂಗ್ ರಸ್ತೆ ಆಚೆ ಹೊಲ ಕೊಳ್ಳುವವರು ಬೇಲಿ ಹಾಕುವ ಮೊದಲು ಹಿಂದಿನ ಜಮೀನಿನವರು ಎಲ್ಲಿಂದ ಓಡಾಡುತ್ತಾರೆ ಅಂತ ಒಂದು ದಿನ ನಿಂತು ನೋಡಿ. ದಲ್ಲಾಳಿ ಇದನ್ನು ಹೇಳುವುದಿಲ್ಲ.

ಕೂತು ಮಾತಾಡಿದರೆ ಎಷ್ಟು ಜಾಗ ಹೋಗುತ್ತದೆ?

ಬಹಳ ಜಗಳದಲ್ಲಿ ಯಾರೂ ಈ ಲೆಕ್ಕ ಹಾಕಿರುವುದಿಲ್ಲ. ಎಂಟು ಅಡಿ ಅಗಲ, ಮುನ್ನೂರು ಅಡಿ ಉದ್ದದ ದಾರಿ ಅಂದರೆ 2400 ಚದರಡಿ. ಒಂದು ಗುಂಟೆಗೆ 1089 ಚದರಡಿ. ಅಲ್ಲಿಗೆ ಎರಡೂಕಾಲು ಗುಂಟೆಗೂ ಒಂದು ಚೂರು ಕಡಿಮೆ. ಅಷ್ಟಕ್ಕೆ ದುಡ್ಡು ಕೊಡಿ, ಇಲ್ಲವೇ ನಿಮ್ಮ ಕಡೆಯ ಬದುವಿನಲ್ಲಿ ಅಷ್ಟೇ ಜಾಗ ಬಿಟ್ಟುಕೊಡಿ. ವರ್ಷಗಟ್ಟಲೆ ಕೋರ್ಟಿಗೆ ಅಲೆಯುವ ಬಸ್ ಚಾರ್ಜಿನ ಮುಂದೆ ಇದು ದುಬಾರಿ ಅಲ್ಲ ಅಲ್ವಾ?

ಒಪ್ಪಂದ ಆದರೆ ಪಂಚಾಯ್ತಿ ಕಟ್ಟೆಯ ಬಾಯಿಮಾತಿಗೆ ಬಿಡಬೇಡಿ. ಛಾಪಾ ಕಾಗದದಲ್ಲಿ ಬರೆದು ನೋಟರಿ ಮಾಡಿಸಿದರೂ ಸಾಲದು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದಾರಿ ಹಕ್ಕಿನ ಪತ್ರ ನೋಂದಣಿ ಮಾಡಿಸಿ. ಪತ್ರದಲ್ಲಿ ಇಂಥ ಸಾಲು ಇರಲಿ: ‘ಸರ್ವೆ ನಂ. 42/1 ಮತ್ತು 42/2ರ ಪಶ್ಚಿಮ ಬದುವಿಗೆ ಹೊಂದಿಕೊಂಡಂತೆ, ಉತ್ತರದ ರಸ್ತೆಯಿಂದ ದಕ್ಷಿಣಕ್ಕೆ 42/3ರ ಗಡಿಯವರೆಗೆ, ಎಂಟು ಅಡಿ ಅಗಲದ ಜಾಗದಲ್ಲಿ 42/3ರ ಹಾಲಿ ಮತ್ತು ಮುಂದಿನ ಮಾಲೀಕರು ಎಲ್ಲಾ ಕಾಲದಲ್ಲೂ ನಡೆದು, ದನಕರು ಹೊಡೆದುಕೊಂಡು, ಗಾಡಿ, ಟ್ರ್ಯಾಕ್ಟರ್, ಕಟಾವು ಯಂತ್ರಗಳೊಡನೆ ಓಡಾಡತಕ್ಕದ್ದು.’ ‘ಮುಂದಿನ ಮಾಲೀಕರು’ ಅನ್ನುವುದನ್ನು ಬಿಡಬೇಡಿ. ಕಟಾವು ಯಂತ್ರಕ್ಕೆ ಎಂಟು ಅಡಿ ಸಾಲದಿದ್ದರೆ ಈಗಲೇ ಹತ್ತೋ ಹನ್ನೆರಡೋ ಅಂತ ಬರೆಸಿ. ನೀರಿನ ಪೈಪು, ಪಂಪ್‌ಸೆಟ್‌ನ ವೈರು ಎಳೆಯುವುದಿದ್ದರೆ ಅದನ್ನೂ ಬೇರೆಯಾಗಿ ಕಾಣಿಸಿ, ಏಕೆಂದರೆ ಓಡಾಡುವ ಹಕ್ಕಿನಲ್ಲಿ ಪೈಪ್ ಹೂಳುವ ಹಕ್ಕು ಸೇರಿರುವುದಿಲ್ಲ. ದಾರಿ ನಡುವಿನ ಎರಡನೆಯವರ ಜಮೀನಿನಲ್ಲೂ ಹಾದುಹೋಗುವುದರಿಂದ ಅವರ ಸಹಿಯೂ ಬೇಕು. ಮಳೆಗಾಲದಲ್ಲಿ ಗ್ರಾವೆಲ್ ಹಾಕಿಸುವ ಖರ್ಚು ಯಾರದು, ಅದೂ ಅಲ್ಲೇ ತೀರ್ಮಾನವಾಗಲಿ. ಸರ್ವೇಯರ್ ಮಾಡಿಕೊಟ್ಟ ನಕ್ಷೆಯನ್ನು ಪತ್ರಕ್ಕೆ ಲಗತ್ತಿಸಿ. ನೋಂದಣಿ ಆದ ಮೇಲೆ ಪ್ರತಿ ಹಿಡಿದುಕೊಂಡು ನಾಡಕಚೇರಿಗೆ ಹೋಗಿ, ಪಹಣಿಯ ಕಾಲಂ 11ರಲ್ಲಿ ದಾರಿ ಹಕ್ಕು ನಮೂದು ಮಾಡಿ ಅಂತ ಅರ್ಜಿ ಕೊಡಿ. ಮುಂದೆ ಆ ಜಮೀನು ಕೊಳ್ಳುವವರು ಮೊದಲು ತೆಗೆದು ನೋಡುವುದು ಪಹಣಿಯನ್ನೇ.